ಕುಡುಗೋಲು ತಾಕದ ಚಾಪೆ

ಲಝರ್‌ನ ಮೊದಲ ಒದೆತಕ್ಕೆ ಮಗ್ಗದ ಎಡಗಾಲು ಮುರಿಯಿತು. ಎರಡನೆಯದು ಮನ್ನೂಬಿಯಾಳ ಪಕ್ಕೆಗೆ ಬಿತ್ತು. ನವೆಂಬರ್ ತಿಂಗಳ ಒಂದು ಶುಕ್ರವಾರ, ಹಟ್ಟಿಯ ಗಂಡಸರೆಲ್ಲ ಮಸೀದಿಗೆ ಹೋಗಿದ್ದ ಹೊತ್ತು. ಅಂಗಳದಲ್ಲಿದ್ದವರು ಮೂವರೇ: ನಲವತ್ತಾರು ವರ್ಷದ ಮನ್ನೂಬಿಯಾ, ಅವಳ ಸತ್ತ ಗಂಡನ ತಮ್ಮ ಲಝರ್, ಮತ್ತು ಆ ಅಣ್ಣತಮ್ಮಂದಿರನ್ನು ಹೆತ್ತ, ಹಟ್ಟಿಗೆಲ್ಲ ಖಾಲ್ತಿ ಎಂದರೆ ಚಿಕ್ಕಮ್ಮನಾದ, ಝೀನಾ. ಮುದುಕಿ ರೊಟ್ಟಿಯ ಒಲೆಯ ಮುಂದೆ ಕುಳಿತಿದ್ದಳು. ಏಳುವಷ್ಟು ಮಂಡಿಗಳಲ್ಲಿ ಬಲವಿರಲಿಲ್ಲ. ಉರಿಯುವ ಕೊಳ್ಳಿಯೊಂದನ್ನು ಎಳೆದು ಮಗನ ಬೆನ್ನಿಗೆ ಎಸೆದಳು. ಅವನ ಕೋಟಿನಿಂದ ಕಿಡಿ ಹಾರಿತು.

"ನಿಮ್ಮಣ್ಣನ ಮನೆ ಕಣೋ ಇದು!"

"ಅಣ್ಣ ಎಲ್ಲಿದಾನೆ, ತೋರ್ಸು," ಎಂದ ಲಝರ್, ಕೋಟನ್ನು ಕೊಡವಿಕೊಳ್ಳುತ್ತ. "ಅರ್ಧ ಗೋರೀಲಿದಾನೆ. ಇನ್ನರ್ಧ ಆ ಹಳ್ಳದಲ್ಲೇ ಉಳ್ಕೊಂಡಿದೆ."

ಮನ್ನೂಬಿಯಾ ನೆಲದ ಮೇಲೆ ಮಡಿಸಿಕೊಂಡು ಬಿದ್ದಿದ್ದಳು. ಉಸಿರು ಒಳಗೆ ಹೋಗುತ್ತಿರಲಿಲ್ಲ. ಆದರೂ ಅವಳ ಬಲಗೈ ಹುಲ್ಲು ಬಡಿಯುವ ಕೊಡತಿಯತ್ತ ಹರಿಯುತ್ತಿದ್ದುದನ್ನು ಲಝರ್ ನೋಡಿದ. ಅದನ್ನು ಕಾಲಿನಿಂದ ದೂರ ತಳ್ಳಿ, ಬಾಗಿಲಿಗೆ ಉಗಿದು ಹೋದ.

ಜಗಳ ಹುಟ್ಟಿದ್ದು ಒಂದು ಚಾಪೆಯಿಂದ.

ಎಂಟು ದಿನ ಹಿಂದೆ ಟ್ಯೂನಿಸ್ ನಗರದಿಂದ ದೊರ್ಸಾಫ್ ಎಂಬ ಯೋಗ ಶಿಕ್ಷಕಿ ಐನ್ ಸಫ್ಸಾಫ್ ಹಟ್ಟಿಗೆ ಬಂದಿದ್ದಳು. ಅವಳ ಕಾರಿನ ಹಿಂಬದಿಯಲ್ಲಿ ನಾಲ್ಕು ಚಾಪೆಗಳಿದ್ದವು. ಪ್ಲಾಸ್ಟಿಕ್ಕಿನದು ಹರಿದರೆ ನೂರು ವರ್ಷ ಮಣ್ಣಾಗುವುದಿಲ್ಲ ಎಂದು ಅದನ್ನು ಬಿಟ್ಟಿದ್ದಳು. ರಬ್ಬರಿನದು ಅವಳ ಇಬ್ಬರು ವಿದ್ಯಾರ್ಥಿನಿಯರ ಕೈಗೆ ಗುಳ್ಳೆ ತಂದಿತ್ತು. ಓಕ್ ಮರದ ತೊಗಟೆಯದಕ್ಕೆ ಯಾವ ಅಂಟು ಹಾಕಿದ್ದಾರೆಂದು ಮಾರಿದವನು ಹೇಳಲೊಲ್ಲ. ಬಂಗಾಳದ ಸೆಣಬಿನದಕ್ಕೆ ಅಡಿಯಲ್ಲಿ ಮತ್ತೆ ಪ್ಲಾಸ್ಟಿಕ್ಕೇ ಬಳಿದಿದ್ದರು. ಒಂದೊಂದನ್ನೂ ಒಂದೊಂದು ಚಳಿಗಾಲ ಬಳಸಿ ನೋಡಿದ ಮೇಲೆ, ತನ್ನ ದೇಶದ ಮಣ್ಣಿನಲ್ಲಿ ಹುಟ್ಟಿ ಅದೇ ಮಣ್ಣಿಗೆ ಸೇರುವ ಚಾಪೆ ಬೇಕೆಂದು ಅವಳು ಬೆಟ್ಟದ ಸೀಮೆಗೆ ಹೊರಟಿದ್ದಳು.

ಖಾಲ್ತಿ ಝೀನಾ ರಬ್ಬರಿನ ಚಾಪೆಯನ್ನು ಮೂಸಿ ಪಕ್ಕಕ್ಕೆ ಎಸೆದಳು.

"ಸುಟ್ಟ ಟೈರು. ಗಲಾಟೆ ವರ್ಷ ಬೀದೀಲಿ ಉರೀತಿತ್ತಲ್ಲ, ಅದೇ ವಾಸ್ನೆ. ಅಲ್ಲಮ್ಮಾ, ಚಾಪೆ ಮೇಲೆ ನಮಾಜು ಮಾಡ್ತೀಯೋ, ಮಲಗ್ತೀಯೋ?"

"ಎರಡೂ ಅಲ್ಲ ಖಾಲ್ತಿ. ತಲೆ ಕೆಳಗೆ, ಕಾಲು ಮೇಲೆ ಮಾಡಿ ನಿಲ್ತೀನಿ."

"ಯಾ ಲತೀಫ್, ದೇವ್ರೇ! ನಮ್ಮಲ್ಲಿ ಗಂಡ ಹೊಡೆದ್ರೆ ಹಂಗಾಗೋದು. ನಿಮ್ಮೂರಲ್ಲಿ ದುಡ್ಡು ಕೊಟ್ಟು ಆಗ್ತಾರಾ?"

ದೊರ್ಸಾಫ್ ನಕ್ಕಳು. ಅವಳಿಗೆ ನಲವತ್ತು ಚಾಪೆಗಳು ಬೇಕಾಗಿದ್ದವು. ಒದ್ದೆ ಅಂಗೈ ಜಾರಬಾರದು, ಹಣೆಗೆ ಚುಚ್ಚಬಾರದು, ಸುತ್ತಿದರೆ ಸುರುಳಿಯಾಗಬೇಕು. ಕೊನೆಯ ಷರತ್ತನ್ನು ಅವಳು ಸ್ವಲ್ಪ ನಾಚಿಕೆಯಿಂದಲೇ ಹೇಳಿದಳು: "ಇದಕ್ಕೋಸ್ಕರ ಯಾವ ಗಿಡಾನೂ ಸಾಯಬಾರ್ದು."

"ಹಲ್ಫಾ ಹುಲ್ಲು ಸಾಯಲ್ಲ," ಎಂದಳು ಮನ್ನೂಬಿಯಾ. "ಎಲೆ ಕಿತ್ತು ಮೈ ಮುರಿಯೋ ಹಂಗೆ ಬಡೀತೀವಿ, ಅಷ್ಟೆ. ಬುಡ ಬೆಟ್ಟದಲ್ಲೇ ಇರತ್ತೆ."

ಮೂರು ವಾರದಲ್ಲಿ ಬಂದು ಮಾದರಿ ನೋಡುವುದಾಗಿ ಹೇಳಿ ದೊರ್ಸಾಫ್ ಹೋದಳು. ಸುದ್ದಿ ಸಂಜೆಯೊಳಗೆ ಲಝರ್‌ನ ಕಿವಿ ಮುಟ್ಟಿತ್ತು. ಅವನದೊಂದು ಲಾರಿಯಿತ್ತು, ಕಾಗದ ಮಾಡುವವರಿಗೆ ಹಲ್ಫಾ ಹುಲ್ಲು ತುಂಬಿಸಿ ಕಳಿಸುವುದು ಅವನ ಕಸುಬು. ಹುಲ್ಲು ತಾನು ತರುತ್ತೇನೆ, ನೀನು ನೇಯಿ ಎಂದು ಅತ್ತಿಗೆಗೆ ಹೇಳಿ ಕಳಿಸಿದ. ಕುಡುಗೋಲಿನಲ್ಲಿ ಕೊಯ್ದ ಹುಲ್ಲನ್ನು ತನ್ನ ಮಗ್ಗಕ್ಕೆ ಏರಿಸುವುದಿಲ್ಲ ಎಂದು ಅವಳು ಹೇಳಿ ಕಳಿಸಿದಳು. ಆ ಉತ್ತರಕ್ಕೆ ಸಿಕ್ಕ ಮರುಉತ್ತರವೇ ಶುಕ್ರವಾರದ ಒದೆತ.

ಅವಳ ಹಟವನ್ನು ಅರ್ಥಮಾಡಿಕೊಳ್ಳಲು ಅವಳ ಹಿಂದಿನ ಬದುಕನ್ನು ತಿಳಿಯಬೇಕು. ಮನ್ನೂಬಿಯಾ ಹುಟ್ಟಿದ್ದು ಬೆಟ್ಟದ ಆಚೆ ಮಗ್ಗುಲಿನ ಹಟ್ಟಿಯಲ್ಲಿ. ಅಪ್ಪ ಕೋಪಿಷ್ಠ, ಹುಲ್ಲು ಸುತ್ತಿ ಕೀಳುವ ಕೋಲಿನಿಂದಲೇ ಐವರು ಹೆಣ್ಣುಮಕ್ಕಳಿಗೂ ಬಾರಿಸುತ್ತಿದ್ದ. ಅವಳ ಎಡಗಿವಿ ಹನ್ನೊಂದನೆಯ ವಯಸ್ಸಿನಿಂದ ಕೇಳಿಸುವುದಿಲ್ಲ. ಹತ್ತೊಂಬತ್ತಕ್ಕೆ ತಿಜಾನಿಯನ್ನು ಮದುವೆಯಾಗಿ ಐನ್ ಸಫ್ಸಾಫಿಗೆ ಬಂದಳು. ತಿಜಾನಿ ಕೈ ಎತ್ತಿದವನಲ್ಲ ಎಂದು ಅವಳು ಹೇಳುತ್ತಾಳೆ. ಎರಡು ಸಲ ಎತ್ತಿದ್ದ ಎಂದು ಅವನ ತಾಯಿ ಝೀನಾ ತಿದ್ದುತ್ತಾಳೆ. ಮಕ್ಕಳಾಗಲಿಲ್ಲ.

ಹುಲ್ಲು ಕೀಳುವುದನ್ನು ಅವಳಿಗೆ ಸರಿಯಾಗಿ ಕಲಿಸಿದವಳು ಅತ್ತೆಯೇ. ಗೇಣುದ್ದದ ಕೋಲು, ಮುಂಗೈಗೆ ಕುಣಿಕೆ. ಹಲ್ಫಾದ ತುದಿಗಳನ್ನು ಹಿಡಿಯಷ್ಟು ಹಿಡಿದು ಕೋಲಿಗೆ ಎರಡು ಸುತ್ತು ಸುತ್ತಬೇಕು. ಪೊದೆಯ ಬುಡದ ಮೇಲೆ ಕಾಲೂರಬೇಕು. ಸೊಂಟದಿಂದ ಒಂದೇ ಜಗ್ಗು. ಎಲೆಗಳು ತಮ್ಮ ಒರೆಯಿಂದ ಬೆಳ್ಳಗಿನ ಮೆದು ತುದಿಯೊಡನೆ ಜಾರಿ ಬರುತ್ತವೆ, ಬುಡ ಮಣ್ಣಿನಲ್ಲಿ ಉಳಿಯುತ್ತದೆ, ಮುಂದಿನ ಚಳಿಗಾಲಕ್ಕೆ ಮತ್ತೆ ಕೊಡುತ್ತದೆ. ಕುಡುಗೋಲು ಹಾಗಲ್ಲ. ಅದು ಹಸಿಯನ್ನೂ ಕಳೆದ ವರ್ಷದ ಸತ್ತ ಬೂದು ಎಲೆಯನ್ನೂ ಒಟ್ಟಿಗೆ ಕತ್ತರಿಸುತ್ತದೆ, ಬುಡದ ಬಾಯಿಯನ್ನು ತೆರೆದುಬಿಡುತ್ತದೆ. ಮೂರು ವರ್ಷ ಹಾಗೆ ಕೊಯ್ದ ಇಳಿಜಾರಿನಲ್ಲಿ ಉಳಿಯುವುದು ಕಲ್ಲು ಮಾತ್ರ. ಹಟ್ಟಿಯ ಹನ್ನೆರಡು ಹೆಂಗಸರಿಗೆ ಕೀಳಲು ಇದ್ದದ್ದು ಒಂದೇ ಇಳಿಜಾರು.

ಆ ಇಳಿಜಾರಿನ ಮೇಲಂಚಿನಲ್ಲಿ ಆರು ವರ್ಷ ಹಿಂದೆ ತಿಜಾನಿ ಸತ್ತ. ಬೆಟ್ಟದ ತಲೆಯಲ್ಲಿ ಅಡಗಿದ್ದ ಬಂದೂಕಿನವರು ತಮ್ಮ ಹಿಂದೆ ಸೈನಿಕರು ಬಾರದಂತೆ ಹಳ್ಳದ ಉದ್ದಕ್ಕೂ ನೆಲಬಾಂಬು ಹೂತಿದ್ದರು. ತಪ್ಪಿಸಿಕೊಂಡ ಕುರಿಯನ್ನು ಅರಸಿ ಹೋದ ತಿಜಾನಿಯ ಸೊಂಟದಿಂದ ಕೆಳಗಿನದು ಸಿಗಲಿಲ್ಲ. ನಲವತ್ತು ದಿನ ಕಳೆದ ಮೇಲೆ ಝೀನಾ ಸೊಸೆಯ ಹೆಗಲು ಹಿಡಿದು ಬೆಟ್ಟ ಹತ್ತಿದಳು. ಹಳ್ಳಕ್ಕೆ ಇಪ್ಪತ್ತು ಹೆಜ್ಜೆ ಈಚೆಗೆ, ತಲೆಗಾತ್ರದ ನೂರಹನ್ನೆರಡು ಕಲ್ಲುಗಳನ್ನು ಸುಣ್ಣದಲ್ಲಿ ಅದ್ದಿ ಸಾಲಿಟ್ಟಳು. ಕಲ್ಲಿನ ಆಚೆ ಯಾರೂ ಹೋಗುವಂತಿಲ್ಲ. ಈಚೆಯಾದರೂ ಕಿತ್ತ ಬುಡದ ಮೇಲೆ ಮಾತ್ರ ಹೆಜ್ಜೆ; ಕಿತ್ತ ಬುಡವೆಂದರೆ ಅಲ್ಲೊಬ್ಬ ಹೆಂಗಸು ತನ್ನ ಇಡೀ ಭಾರ ಹಾಕಿ ಕಾಲೂರಿ ಬದುಕಿದ್ದಾಳೆ. ಬೋಳು ಬುಡ ನಂಬಿಕೆಯ ಬುಡ. ಈ ಪಾಠವನ್ನು ಹಟ್ಟಿಯ ಪ್ರತಿಯೊಬ್ಬರೂ ಕಲಿತರು, ಲಝರ್ ಕೂಡ. ಅಣ್ಣನ ಹೆಣದ ಚೂರುಗಳನ್ನು ಕಂಬಳಿಯಲ್ಲಿ ಕಟ್ಟಿ ತಂದವನು ಅವನೇ.

ಪಕ್ಕೆಗೆ ಬಟ್ಟೆ ಬಿಗಿದುಕೊಂಡು ಮನ್ನೂಬಿಯಾ ಮಗ್ಗಕ್ಕೆ ಹೊಸ ಕಾಲು ಹೊಡೆದಳು. ಹೊಂಡದಲ್ಲಿ ಇಪ್ಪತ್ತು ದಿನ ನೆನೆದ ಹುಲ್ಲು ಮನೆಯಲ್ಲಿತ್ತು. ಅದನ್ನು ಸಿವುಡು ಮಾಡಿ ಚಪ್ಪಡಿಯ ಮೇಲಿಟ್ಟು ಕೊಡತಿಯಿಂದ ಬಡಿದಳು. ಪ್ರತಿ ಪೆಟ್ಟಿಗೂ ಅವಳ ಪಕ್ಕೆ ಅವಳನ್ನೇ ಬಡಿಯುತ್ತಿತ್ತು.

"ಯಾರನ್ನ ಬಡೀತಿದ್ದೀಯ?" ಝೀನಾ ಕೇಳಿದಳು.

"ಹುಲ್ಲನ್ನ."

"ಸುಳ್ಳು ಬೇಡ. ಹುಲ್ಲಾದ್ರೆ ಅಷ್ಟು ಹೊಡೆದ್ರೆ ಹಿಟ್ಟಾಗತ್ತೆ. ಅವನು ನನ್ನ ಹೊಟ್ಟೇಲಿ ಹುಟ್ಟಿದೋನು. ಸ್ವಲ್ಪ ಮೆತ್ತಗೆ ಹೊಡಿ."

ಡಿಸೆಂಬರ್ ಮೊದಲ ವಾರದ ಒಂದು ಮಧ್ಯಾಹ್ನ ದೊರ್ಸಾಫ್ ಬಂದಳು. ಅವಳ ಕಾರಿನ ಬೆನ್ನಿಗೇ ಲಝರ್‌ನ ಲಾರಿ ನಿಂತಿತು. ಅವನು ಪಟ್ಟಣದ ನೇಕಾರರಿಂದ ಮಾಡಿಸಿದ ಚಾಪೆಯನ್ನು ಅಂಗಳದಲ್ಲಿ ಹಾಸಿದ. ಅದು ಚೆಲುವಾಗಿತ್ತು. ಗಂಧಕದ ಹೊಗೆಯಲ್ಲಿ ಬಿಳುಪು ಮಾಡಿದ್ದರು. ಅಂಚಿಗೆ ಕೆಂಪು ಒಂಟೆಗಳಿದ್ದವು. ಮನ್ನೂಬಿಯಾಳದು ಒಣ ಹುಲ್ಲಿನ ಬಣ್ಣದ, ಅಲಂಕಾರವಿಲ್ಲದ ಚಾಪೆ.

"ನಲವತ್ತು ಚಾಪೆ ಇಪ್ಪತ್ತು ದಿನದಲ್ಲಿ ಕೊಡ್ತೀನಿ, ಮೇಡಂ," ಎಂದ ಲಝರ್. "ಈಕೆ ಕೊಡೋ ಹೊತ್ಗೆ ನಿಮ್ಮ ಶಿಷ್ಯರೆಲ್ಲ ಮುದುಕರಾಗಿರ್ತಾರೆ. ಬೆನ್ನು ಬಗ್ಗಲ್ಲ."

ದೊರ್ಸಾಫ್ ಕಿರುನಕ್ಕು ಬಿಳಿ ಚಾಪೆಯ ಮೇಲೆ ಕೈ ಸವರಿದಳು. ಅವಳ ಕಣ್ಣು ಒಂಟೆಗಳ ಮೇಲೆಯೇ ಇದ್ದುದನ್ನು ಮನ್ನೂಬಿಯಾ ಕಂಡಳು. ಆ ಚಾಪೆ ಗೆದ್ದರೆ ನಾಳೆಯೇ ಇಳಿಜಾರಿಗೆ ಕುಡುಗೋಲು ಏರುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಅವಳು ಚೊಂಬಿನಲ್ಲಿ ನೀರು ತಂದು ಎರಡೂ ಚಾಪೆಗಳ ಮೇಲೆ ಚಿಮುಕಿಸಿದಳು.

"ಬೆವರು ಬಂದಂಗೆ ಅಂದ್ಕೋ. ಈಗ ಕೈಯಲ್ಲಿ ಬೇಡ ಮಗಳೇ, ಕೆನ್ನೆ ಇಟ್ಟು ಉಜ್ಜು."

ದೊರ್ಸಾಫ್ ಮನ್ನೂಬಿಯಾಳ ಚಾಪೆಯ ಮೇಲೆ ಬೋರಲಾಗಿ ಮಲಗಿ ಕೆನ್ನೆ ಉಜ್ಜಿದಳು. ಎದ್ದು ಬಿಳಿಯದರ ಮೇಲೆ ಮಲಗಿದಳು. "ಅಯ್ಯೋ!" ಎಂದು ಎದ್ದಾಗ ಕಣ್ಣಿನ ಕೆಳಗೆ ಮೂರು ಗೀರು ಬಿದ್ದಿದ್ದವು, ಒಂದರಿಂದ ರಕ್ತ ಇಳಿಯುತ್ತಿತ್ತು. ಮನ್ನೂಬಿಯಾ ಚಾಪೆಯ ನೇಯ್ಗೆಯನ್ನು ಉಗುರಿನಿಂದ ಬಿಡಿಸಿ ತೋರಿಸಿದಳು: ಕೊಯ್ದ ಮೊಂಡು ತುದಿಗಳು, ಪುಡಿಯಾಗುವ ಬೂದು ಎಲೆಗಳು.

"ಇದು ಕಡಿದ ಹುಲ್ಲು. ನನ್ನದು ಕಿತ್ತದ್ದು. ಇವನ ಬುಡ ಸತ್ತಿದೆ. ನಂದು ಇನ್ನೂ ಇದೆ, ಬಾ, ಬೆಟ್ಟದಲ್ಲಿ ತೋರಿಸ್ತೀನಿ."

"ನಿನ್ನ ಬಾಯಿ ಮುಚ್ಚು," ಎಂದ ಲಝರ್.

"ನನ್ನ ಬಾಯಿ ಮುಚ್ಚಬೋದು. ಇವಳ ಕೆನ್ನೆ ಮುಚ್ಚೋಕಾಗುತ್ತಾ?"

ಒಲೆಯ ಮುಂದಿದ್ದ ಝೀನಾ ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕಳು. ದೊರ್ಸಾಫ್ ಕರವಸ್ತ್ರದಿಂದ ರಕ್ತ ಒರೆಸುತ್ತಲೇ ಬೆಳ್ಳಗಿನ ಚಾಪೆಯನ್ನು ಸುತ್ತಿ ಲಝರ್‌ನ ಕೈಗೆ ಕೊಟ್ಟಳು. ಹೆತ್ತ ತಾಯಿ ನಕ್ಕದ್ದು, ಪಟ್ಟಣದ ಹೆಂಗಸಿನ ಮುಂದೆ ಚಾಪೆ ಕೈಗೆ ವಾಪಸು ಬಂದದ್ದು, ಎರಡೂ ಅವನ ಮುಖದ ಬಣ್ಣ ಕೆಡಿಸಿದವು. "ಬುಡ ಇದ್ರೆ ತಾನೇ ನೀನು ಕೀಳೋದು," ಎಂದು ಅತ್ತಿಗೆಗೆ ಹೇಳಿ ಹೋದ.

ದೊರ್ಸಾಫ್ ಅಂದು ಅತ್ತೆ-ಸೊಸೆಯರ ಮನೆಯಲ್ಲೇ ಉಳಿದಳು. ಬೆಳಗಿನ ಚಹಾ ಕುದಿಯುವ ಹೊತ್ತಿಗೆ ಪಕ್ಕದ ಮನೆಯ ಹೆಂಗಸು ಓಡಿ ಬಂದಳು: ಇಳಿಜಾರಿನಲ್ಲಿ ಒಂಬತ್ತು ಗಂಡಸರು, ಒಂಬತ್ತು ಕುಡುಗೋಲು, ನಸುಕಿನಿಂದಲೇ ಕೊಯ್ಯುತ್ತಿದ್ದಾರೆ.

ಹಟ್ಟಿಯ ಹೆಂಗಸರು ಕೈಗೆ ಸಿಕ್ಕಿದ್ದನ್ನು ಹಿಡಿದು ಹತ್ತಿದರು. ಹುಲ್ಲಿನ ಕೋಲು, ಕೊಡತಿ, ಒಬ್ಬಳ ಕೈಯಲ್ಲಿ ಕಡಗೋಲು. ಮನ್ನೂಬಿಯಾ ಮೊದಲಿಗಳಾಗಿ ಮೇಲಂಚು ತಲುಪಿದಳು. ಅಲ್ಲಿ ಕೊಯ್ದ ಹುಲ್ಲಿನ ರಾಶಿಗಳ ನಡುವೆ ಲಝರ್ ನಿಂತಿದ್ದ. ಅವಳು ಹತ್ತಿರದಲ್ಲಿ ಬಗ್ಗಿ ಕೊಯ್ಯುತ್ತಿದ್ದವನ ಮೊಣಕೈಗೆ ಕೊಡತಿಯಿಂದ ಹೊಡೆದಳು. ಮೂಳೆ ಮುರಿದ ಸದ್ದು ಹಿಂದೆ ಬರುತ್ತಿದ್ದವರಿಗೂ ಕೇಳಿಸಿತು.

ಆಮೇಲೆ ನಡೆದದ್ದರ ಕ್ರಮವನ್ನು ಅಲ್ಲಿದ್ದವರು ಬೇರೆ ಬೇರೆಯಾಗಿ ಹೇಳುತ್ತಾರೆ. ಒಬ್ಬ ಹೆಂಗಸಿನ ಮೂಗು ಒಡೆಯಿತು. ಒಬ್ಬ ಗಂಡಸಿನ ಕಿವಿಯನ್ನು ಇಬ್ಬರು ಹೆಂಗಸರು ಹಿಡಿದು ಜಗ್ಗಿ ಅರ್ಧ ಕಿತ್ತರು. ಮನ್ನೂಬಿಯಾಳ ಎಡ ಮುಂಗೈಯನ್ನು ಕುಡುಗೋಲು ಮೂಳೆಯವರೆಗೆ ಸೀಳಿತು. ಅವಳ ಕೊಡತಿ ಜಾರಿ ಬಿತ್ತು, ಲಝರ್ ಅದನ್ನು ಎತ್ತಿಕೊಂಡ. ಆಗ ಅವಳು ಬಗ್ಗಿ ಕೈಗೆ ಸಿಕ್ಕ ಕಲ್ಲನ್ನು ಎಸೆದಳು. ಮತ್ತೊಂದು. ಉಳಿದ ಹೆಂಗಸರೂ ಅವಳನ್ನು ನೋಡಿ ಕಲ್ಲೆತ್ತಿದರು. ಕಲ್ಲಿಗೆ ಬರವಿರಲಿಲ್ಲ, ತಲೆಗಾತ್ರದವು, ಸಾಲಾಗಿ, ಕಾಲ ಬಳಿಯೇ ಇದ್ದವು. ಗಂಡಸರು ಕೈಗಳಿಂದ ತಲೆ ಮುಚ್ಚಿಕೊಂಡು ಇಳಿಜಾರಿನಲ್ಲಿ ಕೆಳಕ್ಕೆ ಓಡಿದರು. ಎಸೆದದ್ದು ಯಾವ ಕಲ್ಲೆಂದು ಯಾರೂ ನೋಡಲಿಲ್ಲ. ತನ್ನ ಅಂಗೈಗೆ ಸುಣ್ಣ ಮೆತ್ತಿಕೊಂಡಿರುವುದನ್ನು ಮನ್ನೂಬಿಯಾ ನೋಡಿದ್ದು ಒಂದು ಗಳಿಗೆ ತಡವಾಗಿ.

ಲಝರ್ ಓಡಿರಲಿಲ್ಲ. ಹಣೆ ಒಡೆದು ಒಂದು ಕಣ್ಣಿಗೆ ರಕ್ತ ತುಂಬಿತ್ತು. "ಇವತ್ತು ನಿನ್ನ ಕೊಂದೇ ಕೊಲ್ತೀನಿ," ಎಂದು ಕೊಡತಿ ಎತ್ತಿ ಬಂದ. ಅವಳು ಅಂಚಿನುದ್ದಕ್ಕೂ, ತಾನು ಹೋದ ಚಳಿಗಾಲದಲ್ಲಿ ಕಿತ್ತ ಬುಡಗಳ ಮೇಲೆ ಓಡಿದಳು. ಅವನು ಅವಳ ಮುಂದಕ್ಕೆ ಹೋಗಿ ಅಡ್ಡಗಟ್ಟಲು ಮೇಲಿನ ಬದಿಗೆ ಹಾರಿದ. ಸುಣ್ಣದ ಕಲ್ಲಿನ ಸಾಲು ಅಲ್ಲಿ ಉಳಿದಿರಲಿಲ್ಲ; ಅದರಾಚೆ ಒಂದು ಮಾರು ಅಗಲದ ಪಟ್ಟಿ ಬೋಳಾಗಿತ್ತು. ಅವನ ಕಾಲು ಬಾಲ್ಯದಿಂದ ಕಂಡ ನೆಲವನ್ನು, ತಾಯಿ ಕಲಿಸಿದ ಪಾಠವನ್ನು ನಂಬಿತು: ಬೋಳು ಬುಡದ ಮೇಲೆ ಹೆಂಗಸಿನ ಕಾಲು ಬಿದ್ದಿದೆ.

ಆ ಬುಡಗಳ ಮೇಲೆ ಯಾರ ಕಾಲೂ ಬಿದ್ದಿರಲಿಲ್ಲ. ಅವನ ಆಳುಗಳು ಸುಣ್ಣದ ಕಲ್ಲಿನ ಈಚೆ ನಿಂತು, ಆಚೆಗೆ ಕೈಚಾಚಿ, ಉದ್ದ ಹಿಡಿಯ ಕುಡುಗೋಲಿನಿಂದ ಕೊಯ್ದಿದ್ದರು. ಕಿತ್ತ ಬುಡದಲ್ಲಿ ಹಸಿರಿರುವುದಿಲ್ಲ. ಇವುಗಳಲ್ಲಿ ಬೆರಳುದ್ದದ ಹಸಿರು ಮೋಟುಗಳು ಒತ್ತಾಗಿ ನಿಂತಿದ್ದವು. ಮನ್ನೂಬಿಯಾ ಅದನ್ನು ನೋಡಿದಳು, ತಿಳಿದುಕೊಂಡಳು. ಅವನ ಮೊದಲ ಹೆಜ್ಜೆ ಬಿತ್ತು. ಎರಡನೆಯದು. ಅವಳು ಸುಮ್ಮನಿದ್ದಳು. ಮೂರನೆಯದಕ್ಕೆ ಅವಳ ಗಂಟಲು ತೆರೆಯಿತು:

"ಲಝರ್, ನಿಲ್ಲು! ಕೊಯ್ದ ಬುಡ ಅದು!"

ಐದನೆಯ ಹೆಜ್ಜೆಗೆ ನೆಲ ಮೇಲೆದ್ದಿತು.

ಮಣ್ಣು, ಕಲ್ಲು, ಹುಲ್ಲಿನ ಬೇರು ಬಹಳ ಹೊತ್ತು ಬೀಳುತ್ತಿದ್ದವು. ಲಝರ್ ಕೂಗುತ್ತಿರಲಿಲ್ಲ, ತನ್ನ ಎಡ ಮೊಣಕಾಲಿನ ಕೆಳಗೆ ನೋಡಿ ಏನನ್ನೋ ಹುಡುಕುವವನಂತೆ ನೆಲ ತಡವುತ್ತಿದ್ದ. ಹೆಂಗಸರು ಬೆನ್ನು ತಿರುಗಿಸಿ ಓಡಿದರು. ಮನ್ನೂಬಿಯಾ ನಾಲ್ಕು ಹೆಜ್ಜೆ ಗುರುತುಗಳನ್ನು ಕಣ್ಣಿನಲ್ಲಿ ಹಿಡಿದು, ಒಂದೊಂದರ ಮೇಲೂ ಅದೇ ಅಳತೆಗೆ ಕಾಲಿಟ್ಟು ಅವನ ಬಳಿ ಹೋದಳು. ಮುಂಗೈಗೆ ಇನ್ನೂ ತೂಗುತ್ತಿದ್ದ ಕೋಲನ್ನು ಬಿಡಿಸಿದಳು. ಕೊಯ್ದು ಬಿದ್ದಿದ್ದ ಹಲ್ಫಾವನ್ನು ಹಿಡಿಯಾಗಿ ಎತ್ತಿ ಅವನ ತೊಡೆಗೆ ಸುತ್ತಿದಳು. ಒಣಗಿದ ಎಲೆಗಳು ಪಟಪಟನೆ ಮುರಿದವು. ಸೊಂಟದಿಂದ ತನ್ನ ಹಗ್ಗ ಬಿಚ್ಚಿದಳು, ಕಿತ್ತ ಹುಲ್ಲಿನ ಹೊಸೆದ ಹಗ್ಗ. ಅದನ್ನು ಸುತ್ತಿ, ಕೋಲು ತೂರಿಸಿ, ತನ್ನ ಕಾಲನ್ನು ಅವನ ಸೊಂಟಕ್ಕೆ ಊರಿ, ಇಪ್ಪತ್ತೇಳು ವರ್ಷ ಮಾಡಿದ ಹಾಗೆಯೇ ತಿರುಚಿ ಜಗ್ಗಿದಳು. ರಕ್ತ ನಿಂತಿತು. ಅವನು ಅವಳ ಗಾಯದ ಕೈಯನ್ನು ಕಚ್ಚಿದ. ಅವಳು ಬಿಡಲಿಲ್ಲ.

ಅವಳು ಅದೇ ಗುರುತುಗಳ ಮೇಲೆ ಅವನನ್ನು ಹಿಂದಕ್ಕೆ ಎಳೆದು ತಂದ ಮೇಲೆ, ಕೆಳಗಿಳಿಸಲು ಅವನ ಆಳುಗಳು ಮೊದಲು ಲಾರಿಯಲ್ಲಿದ್ದ ಬಿಳಿ ಚಾಪೆಯನ್ನೇ ತಂದರು. ಹತ್ತು ಹೆಜ್ಜೆಗೆ ಅದರ ನಡು ಸೀಳಿ ಲಝರ್ ಕಲ್ಲಿನ ಮೇಲೆ ಬಿದ್ದ. ಆಗ ಮಾತ್ರ ಅವನು ಕಿರುಚಿದ. ದೊರ್ಸಾಫ್ ತಾನು ಆಯ್ದ ಚಾಪೆಯನ್ನು ಹೊತ್ತು ಏದುಸಿರಿನಿಂದ ಬೆಟ್ಟ ಏರಿ ಬಂದಳು. ಅದು ರಸ್ತೆಯವರೆಗೆ ತಾಳಿತು. ಅವನನ್ನು ಮಲಗಿಸಿಕೊಂಡು ಆಸ್ಪತ್ರೆಯವರೆಗೂ ಹೋಯಿತು. ವಾಪಸು ಬರಲಿಲ್ಲ.

ಪೊಲೀಸರು ಮನ್ನೂಬಿಯಾಳನ್ನು ಎರಡು ದಿನ ಕೂರಿಸಿಕೊಂಡು ಕೇಳಿದರು. ಮೊಣಕೈ ಮುರಿದವನು ದೂರು ಕೊಟ್ಟ, ಅವಳೂ ಕೊಟ್ಟಳು. ಎರಡೂ ಕಡೆಯ ಹಿರಿಯರು ಕೂತು ಎರಡನ್ನೂ ಹಿಂದಕ್ಕೆ ತೆಗೆಸಿದರು. ಇಳಿಜಾರಿಗೆ ಮತ್ತೆ ಕುಡುಗೋಲು ಬರಲಿಲ್ಲ. ಕೊಯ್ಯುವವರಿಗೆ ಈಗ ಆ ನೆಲದ ಭಯವಿದೆ. ಎಡಗೈಯ ಎರಡು ಬೆರಳು ಮಡಿಸಲಾಗದಿದ್ದರೂ ಮನ್ನೂಬಿಯಾ ಫೆಬ್ರುವರಿಯಲ್ಲಿ ಬೆಟ್ಟ ಹತ್ತಿ ಸುಣ್ಣದ ಕಲ್ಲುಗಳನ್ನು ಒಂದೊಂದಾಗಿ ಹುಡುಕಿದಳು. ಎಪ್ಪತ್ತೊಂದು ಸಿಕ್ಕವು. ಉಳಿದವಕ್ಕೆ ಹೊಸ ಕಲ್ಲು ಆರಿಸಿದಳು. ಸಾಲಿನಲ್ಲಿ ಕೆಲವಕ್ಕೆ ಸುಣ್ಣದ ಕೆಳಗೆ ಕಂದು ಕಲೆಯಿದೆ.

ನಲವತ್ತು ಚಾಪೆ ಮುಗಿಯಲು ಎರಡು ಚಳಿಗಾಲ ಹಿಡಿಯಿತು, ದೊರ್ಸಾಫ್ ಕಾದಳು. ಹೊಸ ಚಾಪೆ ನೋಡಲು ಬಂದಾಗಲೆಲ್ಲ ಅವಳು ಮೊದಲು ಕೆನ್ನೆ ಇಡುತ್ತಾಳೆ. ಅವಳ ಕಣ್ಣಿನ ಕೆಳಗೆ ಒಂದು ಗೀರು ಉಳಿದಿದೆ.

ಲಾರಿ ಮಾರಿದ ಮೇಲೆ ಲಝರ್ ತಾಯಿ, ಅತ್ತಿಗೆ ಇದ್ದ ಮನೆಗೆ ಬಂದು ಬಿದ್ದ. ಮೊದಲ ವರ್ಷ ಊರುಗೋಲಿನಿಂದ ಎರಡು ಸಲ ಅತ್ತಿಗೆಗೆ ಹೊಡೆದ. ಒಂದು ಸಲ ಅವಳು ಆ ಊರುಗೋಲನ್ನು ಒಲೆಗೆ ಹಾಕಿದಳು, ಹನ್ನೊಂದು ದಿನ ಅವನು ತೆವಳಿದ. ಎರಡನೆಯ ವರ್ಷ ಝೀನಾ ಅವನ ಕೈಗೆ ಕೊಡತಿ ಕೊಟ್ಟಳು.

"ಕಾಲಿಲ್ಲ ಅಂತ ಬಾಯಿ ಇಲ್ವಾ ನಿಂಗೆ? ಮೂರು ಹೊತ್ತು ತಿಂತೀಯ. ಬಡಿ."

ಹುಲ್ಲು ಬಡಿಯಲು ಇಬ್ಬರು ಬೇಕು. ಒಬ್ಬರು ಕೊಡತಿ ಎತ್ತಿದಾಗ ಇನ್ನೊಬ್ಬರು ಬರಿಗೈಯಿಂದ ಸಿವುಡನ್ನು ಹೊರಳಿಸಬೇಕು, ಕೊಡತಿ ಇಳಿಯುವ ಮುಂಚೆ ಕೈ ಹಿಂತೆಗೆಯಬೇಕು. ಲಝರ್ ಬಡಿಯುತ್ತಾನೆ, ಮನ್ನೂಬಿಯಾ ಹೊರಳಿಸುತ್ತಾಳೆ. ಮೊದಲ ದಿನ ಹಟ್ಟಿಯ ಹೆಂಗಸರು ನೋಡಲು ಗೋಡೆಯ ಮೇಲೆ ಕುಳಿತಿದ್ದರು. ಈಗ ಯಾರೂ ಬರುವುದಿಲ್ಲ.

ಕಳೆದ ಜನವರಿಯ ಒಂದು ಬೆಳಿಗ್ಗೆ, ಕೊಡತಿ ಮೇಲಿರುವಾಗಲೇ ಅವನು ಕೇಳಿದ:

"ಎಷ್ಟನೇ ಹೆಜ್ಜೆಗೆ ಕೂಗಿದೆ ನೀನು?"

ಅವಳ ಕೈ ಸಿವುಡಿನ ಮೇಲಿತ್ತು. ಅದನ್ನು ಅವಳು ತೆಗೆಯಲಿಲ್ಲ.

"ಮೂರನೇದಕ್ಕೆ."

"ಹಸಿರು ಮೋಟು ಮೊದಲನೇದಕ್ಕೇ ಕಾಣ್ಸಿತ್ತು ತಾನೇ?"

"ಕಾಣ್ಸಿತ್ತು."

ಕೊಡತಿ ಗಾಳಿಯಲ್ಲಿ ನಿಂತಿತ್ತು. ಒಲೆಯ ಮುಂದಿನಿಂದ ಝೀನಾ ತಿರುಗಿ ನೋಡಿದಳು.

"ಕೈ ತೆಗಿ," ಎಂದ ಲಝರ್.

ಅವಳು ಸಿವುಡನ್ನು ನಿಧಾನವಾಗಿ ಹೊರಳಿಸಿದಳು. ಆಮೇಲೆ ಕೈ ತೆಗೆದಳು. ಕೊಡತಿ ಇಳಿಯಿತು, ಅವಳ ಕಿರುಬೆರಳಿನ ಉಗುರು ಸವರಿಕೊಂಡು ಹುಲ್ಲಿನ ಮೇಲೆ ಬಿತ್ತು. ಅವಳು ಬೆರಳನ್ನು ಬಾಯಿಗಿಟ್ಟು ಚೀಪಿ, ಉಗಿದು, ಮತ್ತೆ ಕೈ ಚಾಚಿದಳು.